ಗಾಯಕ್ಕೆ ಏನು ಹಚ್ಚಬೇಕು?

ಈಳಿಗೆಯ ಮೇಲೆ ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದರೆ ನಿಮ್ಮ ಕೈ ಮೊದಲು ಎಲ್ಲಿಗೆ ಹೋಗುತ್ತದೆ? ಬಹುಮಂದಿಯ ಕೈ ಹೋಗುವುದು ಒಗ್ಗರಣೆ ಡಬ್ಬಿಗೆ. ಒಂದು ಚಿಟಿಕೆ ಅರಿಶಿಣ ಒತ್ತಿ, ಹಳೆಯ ಸೀರೆಯಿಂದ ಒಂದು ಪಟ್ಟಿ ಹರಿದು ಕಟ್ಟಿ, ಮತ್ತೆ ಒಲೆಯ ಮುಂದೆ ನಿಂತರೆ ಮುಗಿಯಿತು. ಎಣ್ಣೆ ಸಿಡಿದರೆ ಟೂತ್‌ಪೇಸ್ಟ್, ಮಗು ಬಿದ್ದು ಮಂಡಿ ತರಚಿಕೊಂಡರೆ ತೆಂಗಿನೆಣ್ಣೆ, ಕಾಲಿಗೆ ಮುಳ್ಳು ಚುಚ್ಚಿದರೆ ಸುಣ್ಣ. ಯಾವ ಮನೆಯಲ್ಲಿ ನೋಡಿದರೂ ಔಷಧಿಯ ಅಂಗಡಿ ಅಡುಗೆಮನೆಯೇ. ಅದರ ವೈದ್ಯೆ ಮನೆಯ ಹೆಂಗಸು.

ಶಾಲೆಯಲ್ಲಿ ಪಾಠ ಹೇಳುವ ನನ್ನಂಥವಳಿಗೆ ಇದು ದಿನವೂ ಕಾಣುವ ನೋಟ. ಹೊಸಪೇಟೆಯ ಓಣಿಗಳಿಂದ ಬರುವ ಮಕ್ಕಳ ಮೊಣಕಾಲು ನೋಡಿದರೆ ಸಾಕು, ಅವರ ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ಹೇಳಬಹುದು. ಹಳದಿ ಬಣ್ಣವಿದ್ದರೆ ಅಜ್ಜಿ, ಬಿಳಿ ಬಣ್ಣವಿದ್ದರೆ ಟೂತ್‌ಪೇಸ್ಟ್ ಹಿಡಿದ ಅಮ್ಮ, ಕಂದು ಬಣ್ಣವಿದ್ದರೆ ಮೆಡಿಕಲ್ ಶಾಪಿನವನು, ಬರೀ ಮಣ್ಣಿದ್ದರೆ ಸ್ವತಃ ಆ ಮಗು! ವಿಚಿತ್ರವೆಂದರೆ, ಎಂಟು ಹತ್ತು ದಿನಗಳಲ್ಲಿ ಬಹುತೇಕ ಎಲ್ಲ ಮೊಣಕಾಲುಗಳೂ ಮಾಯುತ್ತವೆ. ಆಗ ಪ್ರತಿಯೊಂದು ಮನೆಯವರೂ ಹೇಳುವುದು ಒಂದೇ ಮಾತು: "ನೋಡಿ, ನಾವು ಹಚ್ಚಿದ್ದೇ ಕೆಲಸ ಮಾಡಿತು."

ಎಲ್ಲರೂ ಹೇಳುವುದು ಸರಿಯಾಗಿರಲು ಸಾಧ್ಯವೇ? ಹಾಗಾದರೆ ಯಾವುದು ನಿಜವಾಗಿ ಗಾಯ ಮಾಯಿಸುತ್ತದೆ, ಯಾವುದು ಸುಮ್ಮನೆ ಹೆಸರು ಗಳಿಸುತ್ತದೆ, ಯಾವುದು ಕೇಡು ಮಾಡುತ್ತದೆ ಎಂದು ತಿಳಿಯುವುದು ಹೇಗೆ? ಪ್ರಶ್ನೆ ಚಿಕ್ಕದೆಂದು ತಳ್ಳಿಹಾಕಬೇಡಿ. ಚಿಕ್ಕ ಗಾಯವೊಂದು ದೊಡ್ಡ ಆಪತ್ತಾಗುವುದು ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲಿ ನಾವು ಏನು ಮಾಡಿದೆವು, ಏನು ಮಾಡಲಿಲ್ಲ ಎಂಬುದರಿಂದಲೇ.

ಚರ್ಮದ ಸ್ವಂತ ಕೆಲಸ

ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಆರೋಗ್ಯವಂತನ ಚಿಕ್ಕ ಗಾಯ ಔಷಧಿ ಇಲ್ಲದೆಯೂ ಮಾಯುತ್ತದೆ. ಸೃಷ್ಟಿಕರ್ತನು ಈ ಶಕ್ತಿಯನ್ನು ನಮ್ಮ ಚರ್ಮದಲ್ಲಿಯೇ ಇರಿಸಿದ್ದಾನೆ. ಚರ್ಮ ಕೊಯ್ದ ಕೂಡಲೇ ರಕ್ತನಾಳಗಳು ಕುಗ್ಗುತ್ತವೆ, ರಕ್ತ ಹೆಪ್ಪುಗಟ್ಟಿ ಬಿರಡೆಯಂತೆ ಕೂರುತ್ತದೆ. ಮುಂದಿನ ಎರಡು ಮೂರು ದಿನ ರಕ್ತದ ಬಿಳಿ ಕಣಗಳು ಅಲ್ಲಿಗೆ ಬಂದು ರೋಗಾಣುಗಳನ್ನೂ ಸತ್ತ ಅಂಗಾಂಶವನ್ನೂ ತೆಗೆದು ಹಾಕುತ್ತವೆ. ಆ ದಿನಗಳಲ್ಲಿ ಕಾಣುವ ಸ್ವಲ್ಪ ಕೆಂಪು, ಸ್ವಲ್ಪ ಬಾವು, ಸ್ವಲ್ಪ ನೋವು ಈ ಕೆಲಸದ ಗುರುತುಗಳು. ಬಳಿಕ ಅಂಚುಗಳಿಂದ ಹೊಸ ಚರ್ಮದ ಕಣಗಳು ಒಳಕ್ಕೆ ಸರಿದು ಬಂದು ಗಾಯವನ್ನು ಮುಚ್ಚುತ್ತವೆ. ಕೆಳಗಿನ ಪದರ ಗಟ್ಟಿಯಾಗುವ ಕೆಲಸ ಮಾತ್ರ ತಿಂಗಳುಗಟ್ಟಲೆ ನಡೆದೇ ಇರುತ್ತದೆ.

ತಾನಾಗಿಯೇ ಮಾಯುವ ಗಾಯಕ್ಕೆ ಏನು ಹಚ್ಚಿದರೂ ಕೀರ್ತಿ ಹಚ್ಚಿದ್ದಕ್ಕೇ ಸಲ್ಲುತ್ತದೆ. ಕೋಳಿ ಕೂಗಿದ್ದರಿಂದಲೇ ಬೆಳಗಾಯಿತು ಎಂದ ಹಾಗೆ. ಆದ್ದರಿಂದ 'ಹಚ್ಚಿದೆವು, ಮಾಯಿತು' ಎಂಬುದು ಪುರಾವೆಯಲ್ಲ. ಹಚ್ಚದಿದ್ದರೆ ಏನಾಗುತ್ತಿತ್ತು ಎಂಬುದೂ ತಿಳಿಯಬೇಕು.

ನಮ್ಮ ಹಕೀಮರು ಕಲಿಸಿದ ಪಾಠ

ಈ ವಿವೇಕ ನಿನ್ನೆ ಮೊನ್ನೆ ಪಶ್ಚಿಮದಿಂದ ಬಂದದ್ದೆಂದು ಭಾವಿಸಬೇಡಿ. ಸುಮಾರು ಸಾವಿರದ ನೂರು ವರ್ಷಗಳ ಹಿಂದೆ ರಯ್ ಪಟ್ಟಣದ ವೈದ್ಯ ಅಬೂಬಕರ್ ಅರ್ರಾಝಿಯವರು ಮೆದುಳಿನ ಪೊರೆಯ ಬಾವಿನ ಲಕ್ಷಣ ಕಂಡ ರೋಗಿಗಳಲ್ಲಿ ಒಂದು ಗುಂಪಿಗೆ ರಕ್ತ ತೆಗೆಯುವ ಚಿಕಿತ್ಸೆ ಮಾಡಿದರು, ಇನ್ನೊಂದು ಗುಂಪಿಗೆ ಬೇಕೆಂದೇ ಮಾಡದೆ ಬಿಟ್ಟರು. ಎರಡನ್ನೂ ಹೋಲಿಸಿ ತೀರ್ಮಾನಕ್ಕೆ ಬರುವುದು ಅವರ ಉದ್ದೇಶವಾಗಿತ್ತು. ಆ ಚಿಕಿತ್ಸೆಯನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಆದರೆ ಹೋಲಿಕೆಯಿಲ್ಲದೆ ತೀರ್ಪಿಲ್ಲ ಎಂಬ ಆ ಆಲೋಚನೆ ಇಂದಿಗೂ ವೈದ್ಯಶಾಸ್ತ್ರದ ಬುನಾದಿ.

ಅವರ ನಂತರ ಬಂದ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದ ಎರಡನೆಯ ಭಾಗದಲ್ಲಿ ಔಷಧಿಯನ್ನು ಪರೀಕ್ಷಿಸುವ ನಿಯಮಗಳನ್ನೇ ಪಟ್ಟಿ ಮಾಡಿದರು. ಔಷಧಿ ಕಲಬೆರಕೆಯಿಲ್ಲದೆ ಶುದ್ಧವಾಗಿರಬೇಕು. ಒಂದೇ ಕಾಯಿಲೆ ಇರುವವರ ಮೇಲೆ ಪರೀಕ್ಷಿಸಬೇಕು, ಹಲವು ಕಾಯಿಲೆ ಬೆರೆತವರ ಮೇಲಲ್ಲ. ಪರಿಣಾಮ ಯಾವಾಗ ಕಂಡಿತು ಎಂಬುದನ್ನು ಗಮನಿಸಬೇಕು. ಅದು ಒಮ್ಮೆ ಕಂಡರೆ ಸಾಲದು, ಮತ್ತೆ ಮತ್ತೆ ಕಾಣಬೇಕು. ಕೊನೆಯದಾಗಿ, ಪರೀಕ್ಷೆ ಮನುಷ್ಯನ ಮೇಲೆ ನಡೆಯಬೇಕು. ಸಿಂಹದ ಮೇಲೋ ಕುದುರೆಯ ಮೇಲೋ ಕಂಡದ್ದು ಮನುಷ್ಯನಿಗೆ ಅನ್ವಯಿಸಬೇಕೆಂದಿಲ್ಲ. ಈ ನಾಲ್ಕೈದು ಮಾತುಗಳನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಅಡುಗೆಮನೆಯ ಔಷಧಿಗಳನ್ನು ಒಂದೊಂದಾಗಿ ನೋಡೋಣ ಬನ್ನಿ.

ಅರಿಶಿಣದ ಮೊಕದ್ದಮೆ

ಅರಿಶಿಣಕ್ಕೆ ಜಗತ್ತಿನಲ್ಲೇ ದೊಡ್ಡ ಮೊಕದ್ದಮೆಯ ಕಥೆಯಿದೆ. 1995ರ ಮಾರ್ಚ್ ತಿಂಗಳಲ್ಲಿ ಅಮೆರಿಕಾದ ಮಿಸಿಸಿಪ್ಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರಕ್ಕೆ 'ಗಾಯ ಮಾಯಿಸಲು ಅರಿಶಿಣದ ಬಳಕೆ'ಗಾಗಿ ಪೇಟೆಂಟ್ ದೊರೆಯಿತು. ಸಂಖ್ಯೆ 5,401,504. ಅರ್ಜಿ ಹಾಕಿದ ಇಬ್ಬರು ಸಂಶೋಧಕರೂ ಭಾರತೀಯ ಮೂಲದವರೇ. ನಮ್ಮ ಅಜ್ಜಿಯರು ಮಾಡುತ್ತಿದ್ದ ಕೆಲಸಕ್ಕೆ ಅಮೆರಿಕಾದಲ್ಲಿ ಒಬ್ಬ ಒಡೆಯ ಹುಟ್ಟಿಕೊಂಡಂತಾಯಿತು.

ಭಾರತದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿ, ಅಂದರೆ ಸಿಎಸ್‌ಐಆರ್, ಡಾ. ಆರ್.ಎ. ಮಾಶೇಲ್ಕರ್ ಅವರ ನೇತೃತ್ವದಲ್ಲಿ 1996ರಲ್ಲಿ ಇದನ್ನು ಪ್ರಶ್ನಿಸಿತು. ಸಂಸ್ಕೃತ, ಉರ್ದು ಮತ್ತು ಹಿಂದಿಯ ಬರಹಗಳೂ ಸೇರಿ 32 ದಾಖಲೆಗಳನ್ನು ಮುಂದಿಟ್ಟಿತು. 1953ರ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯ ಲೇಖನವೂ ಅವುಗಳಲ್ಲಿತ್ತು. 1997ರ ಆಗಸ್ಟ್‌ನಲ್ಲಿ ಅಮೆರಿಕಾದ ಪೇಟೆಂಟ್ ಕಚೇರಿ ಭಾರತದ ಪರವಾಗಿ ತೀರ್ಮಾನಿಸಿತು. ಈ ಅನುಭವದಿಂದಲೇ 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯದ ಕೆಲಸ ಆರಂಭವಾಯಿತು. ಅರಬಿ, ಫಾರ್ಸಿ, ಉರ್ದು ಭಾಷೆಗಳಲ್ಲಿದ್ದ ಯುನಾನಿ ಗ್ರಂಥಗಳ ಸೂತ್ರಗಳು ಕೂಡ ಅದರಲ್ಲಿ ಸೇರಿವೆ.

ಆದರೆ ಸಹೋದರಿಯರೇ, ಇಲ್ಲಿ ಒಂದು ಸೂಕ್ಷ್ಮವಿದೆ. "ಅಮೆರಿಕಾವೇ ಅರಿಶಿಣಕ್ಕೆ ತಲೆಬಾಗಿತು, ಅದು ಗಾಯಕ್ಕೆ ರಾಮಬಾಣವೆಂದು ಸಾಬೀತಾಯಿತು" ಎಂದು ಹಲವರು ಹೇಳುತ್ತಾರೆ. ಅಲ್ಲಿ ಸಾಬೀತಾದದ್ದು ಅರಿಶಿಣದ ಗುಣವಲ್ಲ, ಅದರ ಹಳೆತನ. ಇದು ಹೊಸ ಸಂಶೋಧನೆಯಲ್ಲ, ಭಾರತೀಯರಿಗೆ ಮೊದಲೇ ಗೊತ್ತಿದ್ದ ವಿಷಯ ಎಂಬುದಷ್ಟೇ ತೀರ್ಪು. ಹಳೆಯದು ಎನ್ನುವುದು ಬೇರೆ, ಪರೀಕ್ಷೆಯಲ್ಲಿ ಗೆದ್ದದ್ದು ಎನ್ನುವುದು ಬೇರೆ.

ಅರಿಶಿಣದ ಸತ್ವವಾದ ಕರ್ಕ್ಯುಮಿನ್ ಬಾವು ಇಳಿಸುತ್ತದೆ, ಕೆಲವು ರೋಗಾಣುಗಳನ್ನು ತಡೆಯುತ್ತದೆ ಎಂದು ಪ್ರಯೋಗಾಲಯಗಳಲ್ಲಿ ಕಂಡಿದೆ. ಆದರೆ ಪ್ರಯೋಗಾಲಯದ ಶುದ್ಧ ಸತ್ವ ಬೇರೆ, ನಿಮ್ಮ ಡಬ್ಬಿಯ ಪುಡಿ ಬೇರೆ. ನೆಲದಡಿಯ ಕೊಂಬು ಕುದಿದು, ಅಂಗಳದಲ್ಲಿ ಒಣಗಿ, ಗಿರಣಿಯಲ್ಲಿ ಪುಡಿಯಾಗಿ ಬರುವಷ್ಟರಲ್ಲಿ ಧೂಳೂ ಬರುತ್ತದೆ, ಬಿಸಿಲಿಗೂ ಬೆಂಕಿಗೂ ಸಾಯದ ರೋಗಾಣು ಬೀಜಗಳೂ ಬರುತ್ತವೆ. ಬಣ್ಣ ಹೊಳೆಯಲೆಂದು ಸೀಸದ ಕ್ರೋಮೇಟ್ ಬೆರೆಸುವ ದಂಧೆ ಭಾರತ ಮತ್ತು ಬಾಂಗ್ಲಾದೇಶಗಳಲ್ಲಿ ಪತ್ತೆಯಾಗಿದೆ. ಔಷಧಿ ಶುದ್ಧವಾಗಿರಬೇಕೆಂಬ ಇಬ್ನ್ ಸೀನಾರ ಮೊದಲ ನಿಯಮದಲ್ಲೇ ನಮ್ಮ ಡಬ್ಬಿ ಸೋಲುತ್ತದೆ. ಇನ್ನೊಂದು ತೊಂದರೆಯೆಂದರೆ, ಅರಿಶಿಣ ತುಂಬಿದ ಗಾಯದಲ್ಲಿ ಕೆಂಪೇರಿದೆಯೇ, ಕೀವು ಕಟ್ಟಿದೆಯೇ ಎಂಬುದು ಕಣ್ಣಿಗೆ ಕಾಣುವುದೇ ಇಲ್ಲ. ಅರಿಶಿಣ ಸಾರಿಗಿರಲಿ.

ಸೊಲ್ಲಾಪುರದ ಜೇನು

ಜೇನಿನ ವಿಷಯ ಬಂದರೆ ನಮ್ಮ ಹೃದಯ ಮೃದುವಾಗುತ್ತದೆ. ಪವಿತ್ರ ಕುರ್‌ಆನ್‌ನ ಸೂರಃ ಅನ್ನಹ್ಲ್‌ನಲ್ಲಿ ಜೇನ್ನೊಣದ ಉದರದಿಂದ ಹೊರಡುವ ಪಾನೀಯದಲ್ಲಿ ಜನರಿಗೆ ಶಮನವಿದೆಯೆಂದು ಅಲ್ಲಾಹನು ತಿಳಿಸಿದ್ದಾನೆ. ಅದೇ ಸೂಕ್ತ ಚಿಂತಿಸುವ ಜನರನ್ನು ಉದ್ದೇಶಿಸಿ ಮುಗಿಯುತ್ತದೆ. ಅಂದರೆ ಯಾವುದಕ್ಕೆ, ಯಾರಿಗೆ, ಎಷ್ಟು, ಹೇಗೆ ಎಂದು ಹುಡುಕುವ ಹೊಣೆಯನ್ನು ನಮ್ಮ ಬುದ್ಧಿಗೆ ವಹಿಸಲಾಗಿದೆ.

ಆ ಹುಡುಕಾಟದ ಒಂದು ಮುಖ್ಯ ಅಧ್ಯಾಯ ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿ ನಡೆಯಿತು. ಕನ್ನಡ ಮಾತಾಡುವ ಜನ ಬಹಳವಿರುವ ಊರು ಅದು. ಅಲ್ಲಿಯ ವೈದ್ಯಕೀಯ ಕಾಲೇಜಿನ ಶಸ್ತ್ರವೈದ್ಯ ಡಾ. ಎಂ. ಸುಬ್ರಹ್ಮಣ್ಯಂ ಅವರು ಸುಟ್ಟಗಾಯದ 104 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಜೇನು, ಇನ್ನೊಂದಕ್ಕೆ ಆಸ್ಪತ್ರೆಗಳಲ್ಲಿ ರೂಢಿಯಲ್ಲಿದ್ದ ಸಿಲ್ವರ್ ಸಲ್ಫಾಡಯಾಜಿನ್ ಹಚ್ಚಿದರು. 1991ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯರ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು: ಜೇನಿನ ಗುಂಪಿನ ಗಾಯಗಳು ಬೇಗ ಶುದ್ಧವಾದವು, ಬೇಗ ಮಾಯಿದವು.

ಜೇನು ಹೀಗೇಕೆ ಮಾಡುತ್ತದೆ? ಅದರಲ್ಲಿ ಸಕ್ಕರೆ ಹೆಚ್ಚು, ನೀರು ಕಡಿಮೆ. ರೋಗಾಣುವಿನ ಮೈಯ ನೀರನ್ನೇ ಅದು ಹೀರುತ್ತದೆ. ಅದು ಹುಳಿಯೂ ಹೌದು. ಜೇನ್ನೊಣ ಬೆರೆಸಿದ ಒಂದು ಕಿಣ್ವದಿಂದ ಅದರಲ್ಲಿ ನಿಧಾನವಾಗಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಜೇನನ್ನು ಹೆಚ್ಚು ಕಾಯಿಸಿದರೆ ಈ ಕಿಣ್ವ ಸಾಯುತ್ತದೆ.

ಇನ್ನು ತೂಕದ ಮಾತು. 2015ರಲ್ಲಿ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 26 ಪರೀಕ್ಷೆಗಳನ್ನು, 3,011 ರೋಗಿಗಳ ಫಲಿತಾಂಶವನ್ನು ಒಟ್ಟಿಗೆ ತೂಗಿ ನೋಡಿತು. ಚರ್ಮದ ಪೂರ್ಣ ಆಳಕ್ಕೆ ಇಳಿಯದ ಸುಟ್ಟಗಾಯ ಸಾಮಾನ್ಯ ಪಟ್ಟಿಗಿಂತ ಜೇನಿನಿಂದ ನಾಲ್ಕೈದು ದಿನ ಮೊದಲೇ ಮಾಯುತ್ತದೆ ಎಂದಿತು. ಶಸ್ತ್ರಚಿಕಿತ್ಸೆಯ ನಂತರ ಸೋಂಕಾದ ಗಾಯಕ್ಕೂ ಲಾಭವಿದೆ ಎಂದಿತು. ಆದರೆ ನಮ್ಮ ನಿಮ್ಮ ಅಡುಗೆಮನೆಯ ಕೊಯ್ತ, ತರಚು ಗಾಯಗಳಿಗೆ ಜೇನು ಮೇಲೆಂದು ಹೇಳಲು ಸಾಕಷ್ಟು ಪುರಾವೆಯಿಲ್ಲ ಎಂದೂ ಸ್ಪಷ್ಟಪಡಿಸಿತು. ಒಂದೇ ಆಸ್ಪತ್ರೆಯಿಂದ ಬಂದ ಫಲಿತಾಂಶಗಳು ಬೇರೆ ಕಡೆಯೂ ಕಾಣಬೇಕು ಎಂಬ ಆಕ್ಷೇಪವೂ ಇದೆ. 'ಮತ್ತೆ ಮತ್ತೆ ಕಾಣಬೇಕು' ಎಂಬ ನಿಯಮ ನೆನಪಿದೆಯಲ್ಲವೇ?

ಆಸ್ಪತ್ರೆಯಲ್ಲಿ ಇಂದು ಬಳಸುವ ಜೇನು ವಿಕಿರಣದಿಂದ ಶುದ್ಧೀಕರಿಸಿದ್ದು. ಅಂಗಡಿಯ ಬಾಟಲಿ ಹಾಗಲ್ಲ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರಾಂಡುಗಳ ಜೇನನ್ನು ಪರೀಕ್ಷೆಗೆ ಕಳುಹಿಸಿದಾಗ ಅತಿಸೂಕ್ಷ್ಮ ಪರೀಕ್ಷೆಯಲ್ಲಿ ಗೆದ್ದದ್ದು ಮೂರೇ ಮೂರು. ಉಳಿದವುಗಳಲ್ಲಿ ಸಕ್ಕರೆ ಪಾಕದ ಕಲಬೆರಕೆಯಿದೆಯೆಂದು ಅದು ವರದಿ ಮಾಡಿತು. ಒಂದು ವರ್ಷದೊಳಗಿನ ಕೂಸಿಗಂತೂ ಜೇನನ್ನು ನೆಕ್ಕಿಸಲೇಬೇಡಿ, ಗಾಯಕ್ಕೂ ಹಚ್ಚಬೇಡಿ. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಬೀಜವನ್ನು ತಡೆಯುವ ಶಕ್ತಿ ಎಳೆಯ ಕರುಳಿಗಿರುವುದಿಲ್ಲ.

ಕಂಪ್ಲಿಯ ಬಾಳೆ, ಸಂಡೂರಿನ ಸೊಪ್ಪು

ಹಂಪಿಯಿಂದ ಕಂಪ್ಲಿಯವರೆಗೆ ಕಾಲುವೆಯ ದಂಡೆಯಲ್ಲಿ ಬಾಳೆ ತೋಟಗಳನ್ನು ನೋಡಿದ್ದೀರಿ. ಆ ಬಾಳೆ ಎಲೆಯೂ ಪರೀಕ್ಷೆಗೆ ಕೂತಿದೆ. ಮುಂಬಯಿಯ ಸಯನ್ ಆಸ್ಪತ್ರೆಯ ಶಸ್ತ್ರವೈದ್ಯೆ ಡಾ. ಮಾಧುರಿ ಗೋರೆ ಮತ್ತು ಸಂಗಡಿಗರು ಬಾಳೆ ಎಲೆಯನ್ನು ಪಟ್ಟಿಯ ಬಟ್ಟೆಗೆ ಅಂಟಿಸಿ, ಹಬೆಯಲ್ಲಿ ಶುದ್ಧೀಕರಿಸಿ ಸುಟ್ಟಗಾಯಗಳಿಗೆ ಬಳಸಿದರು. 2003ರಲ್ಲಿ ಅದರ ವರದಿ ಪ್ರಕಟವಾಯಿತು. ಎಲೆ ಗಾಯಕ್ಕೆ ಅಂಟಿಕೊಳ್ಳುವುದಿಲ್ಲ, ಪಟ್ಟಿ ಬಿಚ್ಚುವಾಗ ನೋವಾಗುವುದಿಲ್ಲ, ಖರ್ಚೂ ಅತ್ಯಲ್ಪ. ಬಡವರ ಆಸ್ಪತ್ರೆಗೆ ಇದೊಂದು ವರ. ಆದರೆ ಗಮನಿಸಿ, ಅಲ್ಲಿ ಔಷಧಿ ಬಾಳೆಯ ರಸವಲ್ಲ. ನುಣುಪಾದ, ತೇವ ಕಾಯುವ, ಶುದ್ಧವಾದ ಹೊದಿಕೆ. ತೋಟದಿಂದ ಕಿತ್ತು ತಂದ ಧೂಳಿನ ಎಲೆಗೆ ಈ ಗುಣವಿಲ್ಲ.

ಸಂಡೂರಿನ ಗುಡ್ಡದ ಬದಿಯಲ್ಲಿ, ಕಂಪ್ಲಿಯ ಬದುಗಳ ಮೇಲೆ ಉದ್ದ ತೊಟ್ಟಿನ ತುದಿಗೆ ಹಳದಿ ನಡುವಿನ ಚಿಕ್ಕ ಬಿಳಿ ಹೂ ಬಿಡುವ ಕಳೆಗಿಡವೊಂದಿದೆ. ಗಬ್ಬು ಸೇವಂತಿ ಎನ್ನುವವರಿದ್ದಾರೆ. ಹೊಲದಲ್ಲಿ ಕುಡುಗೋಲು ತಾಗಿದರೆ ಇದರ ಎಲೆಯನ್ನು ಅಂಗೈಯಲ್ಲಿ ಉಜ್ಜಿ ರಸ ಹಿಂಡುವುದು ವಾಡಿಕೆ. ಈ ಗಿಡ ನಮ್ಮದಲ್ಲ, ಮಧ್ಯ ಅಮೆರಿಕಾದಿಂದ ಬಂದದ್ದು. 1990ರ ದಶಕದಲ್ಲಿ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಸಂಶೋಧಕರು ಇದರ ಸಾರವನ್ನು ಇಲಿಗಳ ಗಾಯದ ಮೇಲೆ ಪರೀಕ್ಷಿಸಿದರು. ಗಾಯ ಎಷ್ಟು ಕುಗ್ಗಿತು, ಮಾಯಿದ ಚರ್ಮ ಎಷ್ಟು ಎಳೆತ ತಡೆಯುತ್ತದೆ ಎಂದು ಅಳೆಯುವುದು ಇಂಥ ಪರೀಕ್ಷೆಯ ಕ್ರಮ. ಕೆಲವು ಅಳತೆಗಳಲ್ಲಿ ಅನುಕೂಲ ಕಂಡಿತು. ಆದರೆ ಇಲಿಯ ಚರ್ಮ ಸಡಿಲ. ಅದರ ಗಾಯ ಹೆಚ್ಚಾಗಿ ಅಂಚುಗಳು ಸೇರಿ ಕುಗ್ಗಿ ಮುಚ್ಚುತ್ತದೆ. ನಮ್ಮ ಚರ್ಮ ಹಾಗಲ್ಲ. ಸಿಂಹ ಮತ್ತು ಕುದುರೆಯ ಎಚ್ಚರಿಕೆ ಇಲಿಗೂ ಸಲ್ಲುತ್ತದೆ. ಭರವಸೆಯ ಗಿಡ ನಿಜ, ಆದರೆ ಬದುವಿನ ಮಣ್ಣು, ಗೊಬ್ಬರ ಅಂಟಿದ ಎಲೆಯನ್ನು ಹಸಿ ಗಾಯಕ್ಕೆ ತುಂಬುವುದಕ್ಕೆ ಅದು ಪರವಾನಗಿಯಲ್ಲ.

ಅಂಗಡಿಯ ಟ್ಯೂಬು

"ಹಾಗಾದರೆ ಮೆಡಿಕಲ್ ಶಾಪಿನ ಮುಲಾಮೇ ಲೇಸು" ಎಂದಿರಾ? ಅದಕ್ಕೂ ಪರೀಕ್ಷೆಯಿದೆ. 1996ರಲ್ಲಿ ಅಮೆರಿಕಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದಲ್ಲಿ ಚರ್ಮದ ಸಣ್ಣ ಶಸ್ತ್ರಚಿಕಿತ್ಸೆಯಾದ 922 ಜನರಲ್ಲಿ ಕೆಲವರಿಗೆ ಬ್ಯಾಸಿಟ್ರಾಸಿನ್ ಎಂಬ ಆ್ಯಂಟಿಬಯಾಟಿಕ್ ಮುಲಾಮು, ಉಳಿದವರಿಗೆ ಬರೀ ಪೆಟ್ರೋಲಿಯಂ ಜೆಲ್ಲಿ ಕೊಡಲಾಯಿತು. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ನೋಡುವ ವೈದ್ಯರಿಗೂ ಗೊತ್ತಿಲ್ಲ. ಜೆಲ್ಲಿ ಹಚ್ಚಿದವರಲ್ಲಿ ಸೋಂಕು ಶೇ. 2, ಮುಲಾಮು ಹಚ್ಚಿದವರಲ್ಲಿ ಶೇ. 0.9. ಲೆಕ್ಕಶಾಸ್ತ್ರದ ಪ್ರಕಾರ ಇದು ಗಣನೀಯ ವ್ಯತ್ಯಾಸವಲ್ಲ. ಮುಲಾಮಿನವರಲ್ಲಿ ನಾಲ್ವರಿಗೆ ಅಲರ್ಜಿಯ ತುರಿಕೆ ಬಂತು, ಜೆಲ್ಲಿಯವರಲ್ಲಿ ಯಾರಿಗೂ ಇಲ್ಲ. ಶುದ್ಧವಾದ ಗಾಯಕ್ಕೆ ಚಳಿಗಾಲದಲ್ಲಿ ತುಟಿಗೆ ಹಚ್ಚುವ ಅದೇ ಜೆಲ್ಲಿ ಸಾಕು ಎಂದಾಯಿತು.

"ಗಾಯಕ್ಕೆ ಗಾಳಿ ಬೀಳಲಿ, ಒಣಗಲಿ" ಎಂಬ ಮಾತನ್ನೂ 1962ರಲ್ಲಿ ಜಾರ್ಜ್ ವಿಂಟರ್ ಎಂಬ ಬ್ರಿಟಿಷ್ ವಿಜ್ಞಾನಿ ಹಂದಿಗಳ ಗಾಯದ ಮೇಲೆ ಪರೀಕ್ಷಿಸಿದರು. ಪಾಲಿಥೀನ್ ಹಾಳೆ ಮುಚ್ಚಿ ತೇವ ಉಳಿಸಿದ ಗಾಯ, ತೆರೆದಿಟ್ಟು ಹಕ್ಕಳೆಗಟ್ಟಿದ ಗಾಯಕ್ಕಿಂತ ಸುಮಾರು ಎರಡು ಪಟ್ಟು ವೇಗವಾಗಿ ಮುಚ್ಚಿಕೊಂಡಿತು. ಮುಂದೆ ಮನುಷ್ಯರಲ್ಲಿಯೂ ಇದೇ ದಾರಿ ಸರಿಯೆಂದು ಕಂಡುಬಂದು ಇಂದಿನ ಪಟ್ಟಿಗಳೆಲ್ಲ ಹುಟ್ಟಿದವು. ಒಣ ಹಕ್ಕಳೆಯ ಅಡಿಯಲ್ಲಿ ಹೊಸ ಚರ್ಮ ಸರಿಯಲು ಹೆಣಗಬೇಕು, ತೇವದಲ್ಲಿ ಸಲೀಸಾಗಿ ಸರಿಯುತ್ತದೆ.

ಸ್ಪಿರಿಟ್, ನೀರು ಬೆರೆಸದ ಡೆಟಾಲ್, ನೊರೆಯೇಳುವ ಪೆರಾಕ್ಸೈಡ್ ಗಾಯದೊಳಗೆ ಸುರಿಯಬೇಡಿ. ಅವು ರೋಗಾಣುವಿನ ಜೊತೆಗೆ ಹೊಸ ಚರ್ಮದ ಕಣಗಳನ್ನೂ ಕೊಲ್ಲುತ್ತವೆ. ಹೆಸರು ತಿಳಿಯದ ತುರಿಕೆ ಕ್ರೀಮನ್ನೂ ಹಚ್ಚಬೇಡಿ. ಅಂಥ ಹಲವು ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ, ಅದು ಗಾಯ ಮಾಯುವುದನ್ನೇ ತಡೆಯುತ್ತದೆ. 2018ರಲ್ಲಿ ಕೇಂದ್ರ ಸರಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು.

ಉಹುದ್‌ನ ಬೂದಿ, ಮದುವೆಯ ಮೆಹಂದಿ

ಬೂದಿಯ ಮಾತು ಬಂದಾಗ ನಮ್ಮಲ್ಲಿ ಕೆಲವರು ಉಹುದ್ ಯುದ್ಧದ ಘಟನೆಯನ್ನು ನೆನಪಿಸುತ್ತಾರೆ. ಪ್ರವಾದಿವರ್ಯರು(ಸ) ಗಾಯಗೊಂಡಾಗ ಹ. ಫಾತಿಮಾ(ರ) ಚಾಪೆಯ ತುಂಡನ್ನು ಸುಟ್ಟು ಅದರ ಬೂದಿಯನ್ನು ಗಾಯಕ್ಕೆ ಒತ್ತಿದರೆಂದು ಬುಖಾರಿಯಲ್ಲಿ ವರದಿಯಾಗಿದೆ. ಆದರೆ ವರದಿಯನ್ನು ಪೂರ್ಣವಾಗಿ ಓದಿ. ಅವರು ಮೊದಲು ಮಾಡಿದ್ದು ಗಾಯ ತೊಳೆಯುವ ಕೆಲಸ. ಹ. ಅಲಿ(ರ) ಗುರಾಣಿಯಲ್ಲಿ ನೀರು ತಂದು ಸುರಿದರು, ಅವರು ತೊಳೆದರು. ರಕ್ತ ನಿಲ್ಲದೆ ಇನ್ನಷ್ಟು ಹರಿದಾಗ ಮಾತ್ರ ಆಗ ತಾನೇ ಸುಟ್ಟ ಬೂದಿಯನ್ನು ರಕ್ತ ನಿಲ್ಲಿಸಲು ಬಳಸಿದರು. ಯುದ್ಧಭೂಮಿಯಲ್ಲಿ ಕೈಗೆ ಸಿಕ್ಕಿದ್ದರಲ್ಲಿ ಅತ್ಯುತ್ತಮವಾದದ್ದನ್ನು ಆರಿಸಿದ ಜಾಣ್ಮೆ ಅದು. ನಿನ್ನೆಯ ಒಲೆಯಿಂದ ಕಸದೊಂದಿಗೆ ಗುಡಿಸಿದ ಬೂದಿಯನ್ನು ತೊಳೆಯದ ಗಾಯಕ್ಕೆ ಮೆತ್ತುವುದು ಅದರ ಅನುಕರಣೆಯಲ್ಲ. ಮೊದಲು ನೀರು, ಆಮೇಲೆ ರಕ್ತ ನಿಲ್ಲಿಸುವುದು. ಅನುಸರಿಸುವುದಾದರೆ ಈ ಕ್ರಮವನ್ನು ಅನುಸರಿಸಿ.

ಮೆಹಂದಿಯನ್ನು ಗಾಯಕ್ಕೆ ಹಚ್ಚಿದ ಉಲ್ಲೇಖವೂ ತಿರ್ಮಿದಿಯಲ್ಲಿದೆ. ಅದು ಗಿಡದ ಎಲೆ. ಇಂದು ಅಂಗಡಿಯಲ್ಲಿ ಸಿಗುವ ಕೋನ್‌ಗಳು, ಮುಖ್ಯವಾಗಿ ಕಪ್ಪು ಮೆಹಂದಿ, ಬೇರೆಯೇ ವಸ್ತು. ತಲೆಗೂದಲ ಬಣ್ಣದ ರಾಸಾಯನಿಕ ಬೆರೆತ ಕಪ್ಪು ಮೆಹಂದಿ ಗಾಯವಿಲ್ಲದ ಚರ್ಮವನ್ನೇ ಬೊಬ್ಬೆ ಏಳಿಸಬಲ್ಲದು. ಮದುವೆ ಮನೆಯಲ್ಲಿ ಕೈಯಲ್ಲಿ ಕೊಯ್ತವಿರುವ ಹುಡುಗಿಗೆ ಅದನ್ನು ಹಚ್ಚಬೇಡಿ.

ಹಾಗಾದರೆ ಮಾಡಬೇಕಾದ್ದೇನು?

ಪರೀಕ್ಷೆಗಳೆಲ್ಲ ಕೊನೆಗೆ ತೋರಿಸುವ ದಾರಿ ಬಹಳ ಸರಳ, ಬಹಳ ಅಗ್ಗ.

ಮೊದಲು ನಿಮ್ಮ ಕೈಯನ್ನು ಸಾಬೂನಿನಿಂದ ತೊಳೆಯಿರಿ. ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಐದು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ನೋಡಬೇಡಿ. ನಂತರ ಕುಡಿಯಲು ಯೋಗ್ಯವಾದ ನೀರನ್ನು ಧಾರೆಯಾಗಿ ಸುರಿದು ತೊಳೆಯಿರಿ. ನಲ್ಲಿಯಿಲ್ಲದಿದ್ದರೆ ತಂಬಿಗೆಯಿಂದ ಸುರಿಯಿರಿ. ಆಸ್ಪತ್ರೆಯ ಉಪ್ಪುನೀರಿಗೂ ಒಳ್ಳೆಯ ನಲ್ಲಿ ನೀರಿಗೂ ಸೋಂಕಿನ ವಿಷಯದಲ್ಲಿ ವ್ಯತ್ಯಾಸ ಕಂಡಿಲ್ಲ. ಮಣ್ಣು, ಮರಳು ಉಳಿಯಬಾರದು. ಸಂಡೂರಿನ ಅದಿರಿನ ಕೆಂಪು ಧೂಳಿರಲಿ, ಕಂಪ್ಲಿಯ ಗದ್ದೆಯ ಕೆಸರಿರಲಿ, ಹೋಗುವ ತನಕ ತೊಳೆಯಿರಿ. ಆಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ ಶುದ್ಧವಾದ ಪಟ್ಟಿ ಹಾಕಿ. ದಿನಕ್ಕೊಮ್ಮೆ, ಒದ್ದೆಯಾದಾಗಲೆಲ್ಲ ಬದಲಿಸಿ.

ಸುಟ್ಟಗಾಯವಾದರೆ ತಡಮಾಡದೆ 20 ನಿಮಿಷ ತಣ್ಣೀರಿನ ಧಾರೆಯಡಿ ಹಿಡಿಯಿರಿ. ಬಳೆ, ಉಂಗುರ ಕೂಡಲೇ ತೆಗೆಯಿರಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ಕಾಫಿಪುಡಿ ಯಾವುದೂ ಬೇಡ. ಬೊಬ್ಬೆಯನ್ನು ಒಡೆಯಬೇಡಿ.

ವುಝೂ ಮಾಡುವುದು ಹೇಗೆ ಎಂದು ಕೇಳುವಿರಿ. ನೀರಿನಿಂದ ಗಾಯಕ್ಕೆ ಹಾನಿಯಿದ್ದರೆ ಪಟ್ಟಿಯ ಮೇಲೆ ಒದ್ದೆ ಕೈ ಸವರಲು ಧರ್ಮವೇ ಅನುಮತಿ ಕೊಟ್ಟಿದೆ. ತಯಮ್ಮುಮ್ ಮುಂತಾದ ವಿವರಗಳಲ್ಲಿ ಮಝ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ, ನಿಮ್ಮ ಊರಿನ ಆಲಿಮರನ್ನು ಕೇಳಿಕೊಳ್ಳಿ. ದಿನಕ್ಕೆ ಐದು ಸಲ ಪಟ್ಟಿ ಬಿಚ್ಚಿ ನೋವುಣ್ಣುವುದು ಧರ್ಮನಿಷ್ಠೆಯಲ್ಲ. ಅಲ್ಲಾಹನು ನಮಗೆ ಸುಲಭವನ್ನು ಬಯಸುತ್ತಾನೆ.

ಮನೆಮದ್ದಿಗೆ ನಿಲ್ಲದ ಗಾಯಗಳು

ಕೆಲವು ಗಾಯಗಳಲ್ಲಿ ಏನು ಹಚ್ಚಬೇಕೆಂಬ ಪ್ರಶ್ನೆಯೇ ತಪ್ಪು.

ಹಂಪಿಗೆ ಹೋದಾಗ ಕೋತಿ ಮಗುವಿನ ಕೈಯ ಬಾಳೆಹಣ್ಣಿಗೆ ಹಾರಿ ಪರಚಿದರೆ, ಓಣಿಯ ನಾಯಿ ಕಚ್ಚಿದರೆ, ಗಾಯ ಎಷ್ಟೇ ಚಿಕ್ಕದಿರಲಿ, ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಸುಣ್ಣ, ಖಾರದಪುಡಿ, ಅರಿಶಿಣ ಹಚ್ಚಿ ಕಾಯಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೇ ಇಲ್ಲವೆನ್ನಬಹುದು. ಅದಕ್ಕೆ ಮೊದಲು ಲಸಿಕೆ ಪಡೆದವರು ಬದುಕುತ್ತಾರೆ. ಲಸಿಕೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ.

ಧನುರ್ವಾಯು ತುಕ್ಕು ಹಿಡಿದ ಮೊಳೆಯಿಂದಲೇ ಬರುತ್ತದೆಂಬುದು ಅರ್ಧ ಸತ್ಯ. ಅದರ ರೋಗಾಣು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಹೊಲದ ಮುಳ್ಳಿನಿಂದಲೂ ಬರಬಹುದು, ಗಾಯಕ್ಕೆ ಮೆತ್ತಿದ ಸಗಣಿಯಿಂದಲೂ ಬರಬಹುದು. ಹೆರಿಗೆಯಲ್ಲಿ ತಾಯಿ ಮಗುವನ್ನು ಕೊಲ್ಲುತ್ತಿದ್ದ ಧನುರ್ವಾಯು ಭಾರತದಲ್ಲಿ ನಿರ್ಮೂಲನ ಮಟ್ಟಕ್ಕೆ ಇಳಿಯಿತೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ಲಸಿಕೆ ಮತ್ತು ಶುಚಿಯಾದ ಹೆರಿಗೆ ತಂದ ಗೆಲುವು ಅದು. ಅದನ್ನು ಕಳೆದುಕೊಳ್ಳುವುದು ಬೇಡ. ಕೂಸಿನ ಹೊಕ್ಕುಳಿಗೆ ಸುರ್ಮಾ, ಬೂದಿ, ಎಣ್ಣೆ, ಅರಿಶಿಣ ಯಾವುದನ್ನೂ ಹಚ್ಚದೆ ಶುಚಿಯಾಗಿ ಒಣಗಿರಲು ಬಿಡಿ. ಮಕ್ಕಳಿಗೆ 10 ಮತ್ತು 16ನೇ ವಯಸ್ಸಿನಲ್ಲಿ ಕೊಡುವ ಟಿಡಿ ಲಸಿಕೆಯನ್ನು ತಪ್ಪಿಸಬೇಡಿ. ಹೆಣ್ಣುಮಕ್ಕಳು ಹತ್ತನೆಯ ತರಗತಿಯ ನಂತರ ಶಾಲೆ ಬಿಟ್ಟಾಗ ಎರಡನೆಯದು ತಪ್ಪಿಹೋಗುವ ಅಪಾಯ ಹೆಚ್ಚು.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರ ಪಾದವನ್ನು ರಾತ್ರಿ ಮಲಗುವ ಮುಂಚೆ ನೀವೇ ದೀಪದ ಬೆಳಕಿನಲ್ಲಿ ನೋಡಿ. ಅವರ ಕಾಲಿಗೆ ನೋವಿನ ಅರಿವು ಕಡಿಮೆಯಾಗಿರುತ್ತದೆ. ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ, ಬಿಸಿ ಬಂಡೆಯ ಮೇಲೆ ಬರಿಗಾಲಲ್ಲಿ ನಡೆದು ಬೊಬ್ಬೆ ಎದ್ದದ್ದೂ ತಿಳಿಯುವುದಿಲ್ಲ. ಅವರ ಚಿಕ್ಕ ಗಾಯವೂ ವೈದ್ಯರಿಗೆ ತೋರಿಸಬೇಕಾದ ಗಾಯವೇ. "ನಾಲ್ಕು ದಿನ ನೋಡೋಣ" ಎಂದು ಅರಿಶಿಣ ಮೆತ್ತಿ ಕಾಯುವುದರಲ್ಲಿ ಬೆರಳು ಹೋಗಬಹುದು, ಕಾಲೂ ಹೋಗಬಹುದು.

ಇವಲ್ಲದೆ ಗಾಯ ಬಾಯ್ದೆರೆದಿದ್ದರೆ, ಹತ್ತು ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ, ಸುತ್ತಲಿನ ಕೆಂಪು ದಿನದಿನಕ್ಕೆ ಹರಡುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ, ಸುಟ್ಟಗಾಯ ಅಂಗೈಗಿಂತ ದೊಡ್ಡದಿದ್ದರೆ ಅಥವಾ ಮುಖ, ಕೀಲುಗಳ ಮೇಲಿದ್ದರೆ ಆಸ್ಪತ್ರೆಗೆ ಹೊರಡಿ. ಗಂಡಸರು ಕೆಲಸದಿಂದ ಬರಲಿ ಎಂದು ಸಂಜೆಯವರೆಗೆ ಕಾಯಬೇಡಿ. ನೆರೆಯವಳನ್ನು ಕರೆದುಕೊಂಡಾದರೂ ಹೋಗಿ.

ಅಜ್ಜಿಯರ ಮದ್ದನ್ನು ಹೀಗಳೆಯುವುದು ಈ ಬರಹದ ಉದ್ದೇಶವಲ್ಲ. ಅವರು ತಮ್ಮ ಕಾಲದಲ್ಲಿ ಕೈಗೆ ಸಿಕ್ಕಿದ್ದರಿಂದ ಮಕ್ಕಳನ್ನು ಕಾಪಾಡಿದರು. ಆ ಪ್ರೀತಿಯನ್ನು ಉಳಿಸಿಕೊಳ್ಳೋಣ, ಅದಕ್ಕೆ ಪರೀಕ್ಷೆಯಿಂದ ಬಂದ ತಿಳಿವನ್ನು ಸೇರಿಸೋಣ. ಇಂದೇ ಒಂದು ಚಿಕ್ಕ ಡಬ್ಬಿ ಮಾಡಿ: ಒಂದು ಸಾಬೂನು, ನಾಲ್ಕು ಶುದ್ಧ ಪಟ್ಟಿ, ಒಂದು ಸಣ್ಣ ಪೆಟ್ರೋಲಿಯಂ ಜೆಲ್ಲಿ, ಮನೆಮಂದಿಯ ಲಸಿಕೆ ಕಾರ್ಡುಗಳು, ಹತ್ತಿರದ ಆಸ್ಪತ್ರೆಯ ಫೋನ್ ನಂಬರು. ಒಗ್ಗರಣೆ ಡಬ್ಬಿಯ ಪಕ್ಕದಲ್ಲೇ ಇಡಿ. ಮುಂದಿನ ಸಲ ಬೆರಳು ಕೊಯ್ದಾಗ ಕೈ ತಾನಾಗಿಯೇ ಅತ್ತ ಹೋಗಲಿ.